ಹಳೆಯ ಗೇಮಿಂಗ್ ಕಂಪ್ಯೂಟರ್ ಮರುಜೋಡಣೆ: ಬಣ್ಣದ ದೀಪಕ್ಕೆ ಮುನ್ನ ಮಾಡಬೇಕಾದ ಕೆಲಸಗಳು

2016–17ರ ಸುಮಾರಿಗೆ ಕೊಂಡ ಗೇಮಿಂಗ್ ಕಂಪ್ಯೂಟರ್‌ಗಳು ಕೋಲಾರದ ಮನೆಗಳಲ್ಲಿ ಈಗಲೂ ಉಳಿದಿವೆ. ಇಂಟೆಲ್‌ನ ಆರನೆಯ ತಲೆಮಾರಿನ ಕೋರ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಮತ್ತು ಒಂದು ಹಾರ್ಡ್ ಡಿಸ್ಕ್ ಇರುವ ಇಂಥ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಗಾಜಿನ ಬದಿಯುಳ್ಳ ಹೊಸ ಕ್ಯಾಬಿನೆಟ್‌ಗೆ ಅದನ್ನು ವರ್ಗಾಯಿಸಿ ಬಣ್ಣದ ದೀಪಗಳನ್ನು ಅಳವಡಿಸುವ ಆಸೆ ಅನೇಕ ಹುಡುಗರಿಗಿದೆ, ಅದು ಒಳ್ಳೆಯ ಆಸೆಯೇ. ಆದರೆ ದೀಪದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಗಾಜಿನ ಹಿಂದೆ ಬೆಳಕು ಹತ್ತಿದಾಗ ದೂಳು ಹಿಡಿದ ಫ್ಯಾನ್ ಮತ್ತು ಜೋತುಬಿದ್ದ ಕೇಬಲ್ ಕೂಡ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ.

ಮೊದಲು, ಎಲ್ಲ ಭಾಗಗಳೂ ಜೋಡಣೆಯಾಗುವ ಮದರ್‌ಬೋರ್ಡ್‌ನ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಿ. ಬಿಡಿಭಾಗಗಳಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದಾದರೆ, ಹೊಂದಿಕೆಯಾಗದ ಒಂದು ಭಾಗ ತಂದರೂ ಅದನ್ನು ಬದಲಿಸಿಕೊಳ್ಳಲು ಮತ್ತೊಂದು ದಿನ ವ್ಯರ್ಥವಾಗುತ್ತದೆ. ಆರನೆಯ ಮತ್ತು ಎಂಟನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳು ಬೋರ್ಡ್‌ನಲ್ಲಿ ಕೂರುವ ಸಾಕೆಟ್‌ಗೆ ಎಲ್‌ಜಿಎ 1151 ಎಂಬ ಒಂದೇ ಹೆಸರಿದ್ದರೂ, ಆರನೆಯ ತಲೆಮಾರಿನ ಜೊತೆ ಬಂದ ಹಳೆಯ 100 ಸರಣಿಯ ಬೋರ್ಡ್‌ನಲ್ಲಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಕೆಲಸ ಮಾಡುವುದಿಲ್ಲ. ಅಲ್ಲಿ ಹೆಚ್ಚೆಂದರೆ ಏಳನೆಯ ತಲೆಮಾರಿನ ಐ7ವರೆಗೆ ಹೋಗಬಹುದು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಎಎಂ4 ಸಾಕೆಟ್‌ನ ಬೋರ್ಡ್ ಇರುವವರ ಸ್ಥಿತಿ ಇದಕ್ಕಿಂತ ಉತ್ತಮ: ಬಿ450ಯಂತಹ ಬೋರ್ಡ್‌ಗೆ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ನವೀಕರಿಸಿದರೆ ಆರು ಕೋರ್‌ಗಳ ರೈಜೆನ್ 5 5600 ಪ್ರೊಸೆಸರ್ ಹೊಂದುತ್ತದೆ. ತಯಾರಕರ ಜಾಲತಾಣದಲ್ಲಿರುವ ಪ್ರೊಸೆಸರ್ ಪಟ್ಟಿಯನ್ನು ನೋಡದೆ ಕೊಳ್ಳಬೇಡಿ. ಬಯಾಸ್ ನವೀಕರಣದ ನಡುವೆ ಕರೆಂಟ್ ಹೋದರೆ ಬೋರ್ಡ್ ನಿಷ್ಕ್ರಿಯವಾಗಬಹುದಾದ್ದರಿಂದ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು.

ಎರಡನೆಯದು ಶುಚಿತ್ವ. ನಮ್ಮ ಬಯಲುಸೀಮೆಯ ಕೆಮ್ಮಣ್ಣಿನ ದೂಳು ನುಣುಪಾಗಿರುವುದರಿಂದ ಪ್ರೊಸೆಸರನ್ನು ತಂಪಾಗಿಸುವ ಕೂಲರ್‌ನ ರೆಕ್ಕೆಗಳ ನಡುವೆ ಪದರವಾಗಿ ಕೂರುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ಯಂತ್ರವನ್ನು ಹೊರಗೆ ತಂದು, ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಹಾಗೆಯೇ ಬಿಟ್ಟರೆ ಅತಿವೇಗದಿಂದ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒಣಹವೆಯ ತಿಂಗಳುಗಳಲ್ಲಿ ಮೈಯಲ್ಲಿ ಸ್ಥಾಯಿ ವಿದ್ಯುತ್ ಸೇರಿಕೊಳ್ಳುವುದರಿಂದ, ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹವನ್ನು ಮುಟ್ಟಿ. ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು (ಬಿಸಿಯನ್ನು ಕೂಲರ್‌ಗೆ ಸಾಗಿಸುವ ಲೇಪ) ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಕೂಲರ್ ಕೂರಿಸಿ. ಕಂಪ್ಯೂಟರ್ ತೋರಿಸುವ ಸಮಯ ಪದೇಪದೇ ತಪ್ಪುತ್ತಿದ್ದರೆ ಬೋರ್ಡ್‌ನಲ್ಲಿರುವ ಸಿಆರ್2032 ಬ್ಯಾಟರಿಯನ್ನೂ ಆಗಲೇ ಬದಲಿಸಿ.

ಹಣ ಖರ್ಚು ಮಾಡಲು ಹಿಂಜರಿಯಬಾರದ ಭಾಗವೆಂದರೆ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ. ಜಿಟಿಎಕ್ಸ್ 1060ಕ್ಕೆ ಸುಮಾರು 120 ವ್ಯಾಟ್, ಪ್ರೊಸೆಸರ್‌ಗೆ ಸುಮಾರು 65 ವ್ಯಾಟ್ ಬೇಕಾಗುವುದರಿಂದ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿರುವ 500ರಿಂದ 550 ವ್ಯಾಟ್‌ನ ಹೊಸದೊಂದು ಸಾಕು. ಹಳೆಯದನ್ನು ಬಿಚ್ಚಿ ದುರಸ್ತಿ ಮಾಡಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಕಳಚಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಆಗಿದ್ದರೆ, ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಜೋಡಿಸಲೇಬೇಡಿ. ಪ್ಲಗ್ ಹೊಂದಿದರೂ ಒಳಗಿನ ಪಿನ್‌ಗಳ ಕ್ರಮ ಬೇರೆಯಾಗಿದ್ದು ಡಿಸ್ಕ್ ಸುಟ್ಟುಹೋಗಬಹುದು. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಗೋಡೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಸರಿಯಿಲ್ಲವೆಂದು ತಿಳಿದು ಎಲೆಕ್ಟ್ರಿಷಿಯನ್ ಕರೆಸಿ.

ಹಾರ್ಡ್ ಡಿಸ್ಕ್ ಬದಲು, ತಿರುಗುವ ಭಾಗಗಳಿಲ್ಲದ ಸಾಟಾ ಎಸ್‌ಎಸ್‌ಡಿ ಹಾಕಿದರೆ ಓದುವ ವೇಗ ಸೆಕೆಂಡಿಗೆ 550 ಎಂಬಿಯವರೆಗೆ ಏರುತ್ತದೆ. ಹಳೆಯ ಯಂತ್ರ ಬಳಸುವಾಗ ಎಲ್ಲಕ್ಕಿಂತ ಹೆಚ್ಚಾಗಿ ಅನುಭವಕ್ಕೆ ಬರುವ ಬದಲಾವಣೆ ಇದೇ. ರ‍್ಯಾಮ್ 16 ಜಿಬಿ ಇರಲಿ, ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿಗಳಿರಲಿ. ರ‍್ಯಾಮ್‌ನ ಎರಡು ಬಗೆಗಳಾದ ಡಿಡಿಆರ್3 ಮತ್ತು ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜಿನದಾಗಿದ್ದರೆ ನೋಟಕ್ಕೆ ಚೆನ್ನ, ಗಾಳಿಗೆ ಕಷ್ಟ. ಮುಂದೆ ಜಾಲರಿ ಮತ್ತು ತೊಳೆಯಬಹುದಾದ ದೂಳುಶೋಧಕ, ಬದಿಯಲ್ಲಿ ಮಾತ್ರ ಗಾಜು ಇರುವುದನ್ನೇ ಆರಿಸುವುದು ನಮ್ಮ ಊರಿಗೆ ಸೂಕ್ತ. ಮುಂದಿನ ಎರಡು ಫ್ಯಾನ್ ಗಾಳಿಯನ್ನು ಒಳಗೆ ಎಳೆಯಲಿ, ಹಿಂದಿನ ಒಂದು ಹೊರಗೆ ತಳ್ಳಲಿ. ಒಳಬರುವ ಗಾಳಿ ಹೆಚ್ಚಿದ್ದಷ್ಟೂ ಸಂದಿಗಳ ಮೂಲಕ ದೂಳು ನುಗ್ಗುವುದು ಕಡಿಮೆ.

ಈಗ ದೀಪ. ಮಾರುಕಟ್ಟೆಯಲ್ಲಿ ಎರಡು ಬಗೆಗಳಿವೆ. ಆರ್‌ಜಿಬಿ ಎಂಬುದು 12 ವೋಲ್ಟ್‌ನ, 4 ಪಿನ್‌ನ ದೀಪ. ಅದರ ಎಲ್ಲ ದೀಪಗಳೂ ಒಮ್ಮೆಗೆ ಒಂದೇ ಬಣ್ಣದಲ್ಲಿ ಬೆಳಗುತ್ತವೆ. ಎಆರ್‌ಜಿಬಿ ಎಂಬುದು 5 ವೋಲ್ಟ್‌ನ, 3 ಪಿನ್‌ನ ದೀಪ; ಪ್ರತಿ ದೀಪಕ್ಕೂ ಬೇರೆ ಬಣ್ಣ ಕೊಡಬಹುದಾದ್ದರಿಂದ ಬಣ್ಣಗಳು ಹರಿದಂತೆ ಕಾಣುವುದು ಇದರಲ್ಲೇ. 5 ವೋಲ್ಟ್‌ನ ದೀಪಕ್ಕೆ 12 ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಆದ್ದರಿಂದ ಪಿನ್‌ಗಳ ಪಕ್ಕದಲ್ಲಿ ಮುದ್ರಿತವಾದ ವೋಲ್ಟೇಜನ್ನು ಟಾರ್ಚ್ ಹಿಡಿದು ಓದಿದ ಮೇಲೆಯೇ ಪ್ಲಗ್ ಜೋಡಿಸಿ, ಬಾಣದ ಗುರುತಿರುವ ತುದಿ ವೋಲ್ಟೇಜ್ ಪಿನ್‌ನ ಕಡೆಗೇ ಬರಲಿ. ದೀಪವುಳ್ಳ ಫ್ಯಾನ್‌ಗೆ ಸಾಮಾನ್ಯವಾಗಿ ಎರಡು ಕೇಬಲ್‌ಗಳಿರುತ್ತವೆ, ತಿರುಗಲು ಒಂದು, ಬೆಳಗಲು ಇನ್ನೊಂದು.

ಅನೇಕ ಹಳೆಯ ಬೋರ್ಡ್‌ಗಳಲ್ಲಿ 5 ವೋಲ್ಟ್‌ನ ದೀಪ ಜೋಡಿಸಲು ಪಿನ್‌ಗಳೇ ಇರುವುದಿಲ್ಲ. ಚಿಂತೆ ಬೇಡ, ಎಸ್‌ಎಂಪಿಎಸ್‌ನ ಸಾಟಾ ಕೇಬಲ್‌ನಿಂದ ನೇರವಾಗಿ ವಿದ್ಯುತ್ ಪಡೆಯುವ ಎಆರ್‌ಜಿಬಿ ಕಂಟ್ರೋಲರ್ ಸಿಗುತ್ತದೆ. ಕೆಲವು ಕಂಟ್ರೋಲರ್‌ಗಳು ಗುಂಡಿ ಅಥವಾ ರಿಮೋಟ್‌ನಿಂದ ನಡೆಯುತ್ತವೆ. ಬೋರ್ಡ್‌ನ ಒಳಗಿನ 9 ಪಿನ್ ಯುಎಸ್‌ಬಿಗೆ ಜೋಡಿಸುವಂಥವು ತುಸು ದುಬಾರಿಯಾದರೂ ಕಂಪ್ಯೂಟರ್‌ನಿಂದಲೇ ನಿಯಂತ್ರಿಸಬಹುದು, ಅವುಗಳಲ್ಲಿ ಅನೇಕವು ಓಪನ್‌ಆರ್‌ಜಿಬಿ ಎಂಬ ಮುಕ್ತ ತಂತ್ರಾಂಶಕ್ಕೂ ಒಗ್ಗುತ್ತವೆ. ಸಾಮಾನ್ಯ ಎಆರ್‌ಜಿಬಿ ದೀಪವೊಂದು ಪೂರ್ಣ ಬಿಳಿ ಬೆಳಕಿನಲ್ಲಿ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ. ಕಂಟ್ರೋಲರ್‌ನ ಒಂದು ಕವಲಿಗೆ 3 ಆಂಪ್ ಮಿತಿ ಇದ್ದರೆ ಆ ಕವಲಿನಲ್ಲಿ 50 ದೀಪಗಳನ್ನು ಮೀರಬೇಡಿ. ದೀಪದ ಪಟ್ಟಿ ಅಂಟಿಸುವ ಜಾಗವನ್ನು ಮೊದಲು ಆಲ್ಕೋಹಾಲ್‌ನಿಂದ ಒರೆಸದಿದ್ದರೆ ಬೇಸಿಗೆಯ ಬಿಸಿಗೆ ಅಂಟು ಬಿಡುತ್ತದೆ. ಪಟ್ಟಿಯನ್ನು ಕ್ಯಾಬಿನೆಟ್‌ನ ಮೇಲಂಚಿನ ಒಳಬದಿಗೆ, ದೀಪಗಳು ಕಣ್ಣಿಗೆ ನೇರವಾಗಿ ಕಾಣದಂತೆ ಅಂಟಿಸಿದರೆ ಬೆಳಕು ಬೋರ್ಡ್‌ನ ಮೇಲೆ ಸಮನಾಗಿ ಇಳಿಯುತ್ತದೆ. ಸದಾ ಓಡುವ ಕಾಮನಬಿಲ್ಲಿಗಿಂತ ನಿಧಾನವಾಗಿ ಬದಲಾಗುವ ಎರಡು ಬಣ್ಣಗಳು, ಅರ್ಧದಷ್ಟು ಪ್ರಖರತೆಯಲ್ಲಿ, ರಾತ್ರಿ ಆಡುವವರ ಕಣ್ಣಿಗೆ ಹಿತವೆಂಬುದು ನನ್ನ ಅಭಿಪ್ರಾಯ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆರನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂಥ ಯಂತ್ರವಿರುವವರು ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆಯ ಪ್ರೋಟಾನ್ ಸೌಲಭ್ಯದ ಮೂಲಕ ಬಹಳಷ್ಟು ವಿಂಡೋಸ್ ಆಟಗಳನ್ನು ಆಡಬಹುದು. ಆದರೆ ಮೋಸ ತಡೆಯುವ ತಂತ್ರಾಂಶವಿರುವ ಕೆಲವು ಆನ್‌ಲೈನ್ ಆಟಗಳು ಅಲ್ಲಿ ನಡೆಯುವುದಿಲ್ಲ.

ಎಲ್ಲ ಮುಗಿದ ಮೇಲೆ ಭಾರವಾದ ಆಟವೊಂದನ್ನು ಅರ್ಧ ಗಂಟೆ ಆಡಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಉಷ್ಣತೆ ಗಮನಿಸಿ. ನಂತರ ಗಾಜಿನ ಬಾಗಿಲು ತೆಗೆದು ಅದೇ ಆಟವನ್ನು ಇನ್ನಷ್ಟು ಹೊತ್ತು ಆಡಿ. ಉಷ್ಣತೆ ಎದ್ದುಕಾಣುವಷ್ಟು ಇಳಿದರೆ ಒಳಬರುವ ಗಾಳಿ ಸಾಲದೆಂದು ಅರ್ಥ. ಆಗ ಮುಂಭಾಗದ ಶೋಧಕವನ್ನು ಶುಚಿಗೊಳಿಸಿ, ಜಾಗವಿದ್ದರೆ ಅಲ್ಲಿ ಇನ್ನೊಂದು ಫ್ಯಾನ್ ಸೇರಿಸಿ.