ರಂಗಮಂದಿರ ಗೊತ್ತುಮಾಡುವ ಮುನ್ನ ಒಮ್ಮೆ ಹೋಗಿ ನೋಡಿ

ಕಾರವಾರದಲ್ಲಿ ಊರಿನ ಸಂಘವೊಂದು ಯಕ್ಷಗಾನ ಆಡಿಸಬೇಕೆಂದರೆ ಮೊದಲು ನೆನಪಾಗುವ ಸರ್ಕಾರಿ ಜಾಗಗಳು ಎರಡು: ಜಿಲ್ಲಾ ರಂಗಮಂದಿರ, ಮತ್ತು ಟ್ಯಾಗೋರ್ ಕಡಲತೀರದಲ್ಲಿ ಬಯಲಿಗೆ ತೆರೆದಿರುವ ಮಯೂರವರ್ಮ ವೇದಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಮಳೆಯಲ್ಲಿ ಬಯಲನ್ನು ನಂಬುವಂತಿಲ್ಲ. ಜಯಂತಿ, ರಾಜ್ಯೋತ್ಸವಗಳಿಗೆ ಸರ್ಕಾರಕ್ಕೇ ರಂಗಮಂದಿರ ಬೇಕಾಗುವುದರಿಂದ ಎರಡು ದಿನಾಂಕಗಳನ್ನು ಇಟ್ಟುಕೊಂಡು ವಿಚಾರಿಸಿ. ಕರಪತ್ರವನ್ನು ಆಮೇಲೆ ಅಚ್ಚಿಗೆ ಕೊಡಿ.

ಬಾಡಿಗೆ ಕಟ್ಟುವ ಮೊದಲು ಕಲಾವಿದರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ವೇದಿಕೆಯ ಮೇಲೆ ಬರಿಗಾಲಲ್ಲಿ ನಡೆದು ನೋಡಿ. ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸವೆಂದು ನಾನು ನಂಬಿದ್ದೇನೆ. ಯಕ್ಷಗಾನದ ಬಡಗುತಿಟ್ಟು ಶೈಲಿಯ ಕಲಾವಿದರು ಮಂಡಿ ಹಾಕಿ ತಿರುಗುವಾಗ ಹಲಗೆಯ ಸಂದಿಯಲ್ಲಿ ಎದ್ದು ನಿಂತ ಒಂದು ಮೊಳೆಯೂ ಮೊಣಕಾಲನ್ನು ಸೀಳಬಲ್ಲದು. ಹಾಗೆ ಗಾಯಗೊಂಡ ಹುಡುಗನೊಬ್ಬ ರಕ್ತ ಒರೆಸಿಕೊಂಡು ಪದ್ಯ ಮುಗಿಯುವವರೆಗೂ ಕುಣಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದೆ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಆಗಬೇಕಾದ ಕೋಣೆಯನ್ನು ನೋಡಿ. ನೆಲದ ಮೇಲೆ ಸಾಲಾಗಿ ಕುಳಿತು ಬಣ್ಣ ಹಚ್ಚಿಕೊಳ್ಳಲು ಜಾಗ, ಪ್ರತಿಯೊಬ್ಬರ ಕನ್ನಡಿಗೂ ಬೆಳಕು, ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆದ ಮೇಲೆ ಮುಖ ತೊಳೆಯಲು ನೀರು ಇರಬೇಕು. ಚೌಕಿಪೂಜೆಗೆ ದೀಪ ಹಚ್ಚುವಿರಾದರೆ ಅದನ್ನೂ ಮೊದಲೇ ಕೇಳಿಕೊಳ್ಳಿ. ಕೋಲೂರಿಕೊಂಡು ಬರುವ ಹಿರಿಯರಿಗೆ ಇಳಿಜಾರು ದಾರಿ ಎಲ್ಲಿದೆ, ಹೆಂಗಸರ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂಬುದು ಆ ರಾತ್ರಿ ಹುಡುಕುವ ಸಂಗತಿಗಳಾಗಬಾರದು.

ರಂಗಮಂದಿರಕ್ಕೆ ಅರ್ಜಿಯನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ಬರೆಯಿರಿ. ಆಟದ ಹೊತ್ತನ್ನಷ್ಟೇ ಅಲ್ಲ, ಬಣ್ಣಗಾರಿಕೆ ಶುರುವಾಗುವ ಹೊತ್ತಿನಿಂದ ವೇಷ ಕಳಚಿ ಪೆಟ್ಟಿಗೆ ಕಟ್ಟುವ ತನಕದ ಅವಧಿಯನ್ನು ಅದರಲ್ಲಿ ಕಾಣಿಸಿ. ಬಾಡಿಗೆಗೂ ಠೇವಣಿಗೂ ಬೇರೆ ಬೇರೆ ರಸೀದಿ ಪಡೆಯಿರಿ.

ಬಯಲಿನಲ್ಲಿ ಆಡುವುದಾದರೆ ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ 15 ದಿನ ಮೀರದಂತೆ, ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ರಾತ್ರಿ 12 ಗಂಟೆಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ಈ ರಾತ್ರಿಯ ನಿರ್ಬಂಧವಿಲ್ಲ. ಆದ್ದರಿಂದ ಇಡೀ ರಾತ್ರಿಯ ಆಟಕ್ಕೆ ರಂಗಮಂದಿರವನ್ನೇ ಕೇಳಿ, ಬೆಳಗಿನವರೆಗೆ ಬಿಟ್ಟುಕೊಡುವರೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಆಟ ಮುಗಿದ ಮೇಲೆ ಚೌಕಿಯ ನೆಲದಲ್ಲಿ ಎಣ್ಣೆ, ಬಣ್ಣ ಉಳಿಯದಂತೆ ಒರೆಸಿ, ಸಿಬ್ಬಂದಿಯ ಎದುರಿನಲ್ಲೇ ದೀಪ, ಮೈಕುಗಳನ್ನು ಎಣಿಸಿ ಒಪ್ಪಿಸಿ, ಠೇವಣಿಯ ರಸೀದಿಯನ್ನು ಮರುದಿನವೇ ಕಚೇರಿಗೆ ಒಯ್ಯಿರಿ.