‘ನಮ್ಮ ಗನ್‌ಶಿಪ್’ ವಿಡಿಯೊ ಬಂದರೆ ಮೊದಲು ಏನು ನೋಡಬೇಕು

ನಾನು ವಾಯುಪಡೆಯಲ್ಲಿ ವೆಪನ್ ಫಿಟ್ಟರ್ ಆಗಿದ್ದವನು. ಎಂಐ-25 ಹೆಲಿಕಾಪ್ಟರಿನ ಗಿಡ್ಡ ರೆಕ್ಕೆಗಳ ಕೆಳಗೆ ಪಾಡ್, ಅಂದರೆ ರಾಕೆಟ್ ಇಡುವ ಕೊಳವೆಗಳ ಗೂಡು, ಕಟ್ಟುವುದು, ಪಾಡಿಗೆ 32ರಂತೆ 57 ಮಿ.ಮೀ. ರಾಕೆಟ್ ತುಂಬುವುದು ನನ್ನ ಕೆಲಸವಾಗಿತ್ತು. ಈಗ ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ ಮನೆ. ಗಡಿಯಲ್ಲಿ ಗುಂಡಿನ ಸದ್ದಾದರೆ ಸಾಕು, “ಕಾಕಾ, ಇದು ಖರೆಯೇನು?” ಎಂಬ ಪ್ರಶ್ನೆಯ ಜೊತೆ ಗನ್‌ಶಿಪ್‌ಗಳ, ಅಂದರೆ ಮೇಲಿನಿಂದ ನೆಲದ ಗುರಿಗೆ ಗುಂಡು ಸುರಿಸುವ ವಿಮಾನ, ಹೆಲಿಕಾಪ್ಟರುಗಳ ವಿಡಿಯೊಗಳು ಬರತೊಡಗುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ತಾಳ್ಮೆ ನನಗಿಲ್ಲ. ನಾನು ನೋಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ವಿಮಾನ ಯಾವುದೆಂದು ಕೇಳಿ. ರಾತ್ರಿಯ ಕಪ್ಪು-ಬಿಳುಪು ಚಿತ್ರ, ಮೇಲಿನಿಂದ ಸುತ್ತುತ್ತಾ ಗುಂಡು ಸುರಿಯುವ ದೊಡ್ಡ ವಿಮಾನ, ಕೆಳಗೆ ‘ಭಾರತೀಯ ವಾಯುಪಡೆ’ ಎಂಬ ಬರಹ. ಅಷ್ಟಕ್ಕೇ ತೀರ್ಮಾನವಾಯಿತು, ಸುಳ್ಳು. ಹಾಗೆ ಎಡಕ್ಕೆ ವಾಲಿಕೊಂಡು ವೃತ್ತ ಹಾಕುತ್ತಾ ಪಕ್ಕದಿಂದ ಗುಂಡು ಹಾರಿಸುವುದು ಅಮೆರಿಕದ ಎಸಿ-130. ಅದರಲ್ಲಿ 105 ಮಿ.ಮೀ. ಫಿರಂಗಿಯೂ ಇರುತ್ತದೆ. ನಮ್ಮಲ್ಲಿರುವ ಸಿ-130ಜೆ ಅದೇ ಮನೆತನದ್ದು ನಿಜ, ಆದರೆ ಅದು ಸೈನಿಕರನ್ನೂ ಸಾಮಾನನ್ನೂ ಸಾಗಿಸುವ ವಿಮಾನ.

ಹೆಲಿಕಾಪ್ಟರ್ ಆದರೆ ಜಾಗವನ್ನೂ ನೋಡಿ. ಕಾರ್ಗಿಲ್ ಯುದ್ಧದ್ದು ಎನ್ನುತ್ತಾ ಎಂಐ-25 ತೋರಿಸಿದರೆ ನಂಬಬೇಡಿ. ಆ ಎತ್ತರದ ತೆಳು ಗಾಳಿಯಲ್ಲಿ ಅದು ದಾಳಿಗೆ ಒದಗಲಿಲ್ಲ. ಅದಕ್ಕೇ 1999ರಲ್ಲಿ ಸಾಗಣೆಯ ಹೆಲಿಕಾಪ್ಟರುಗಳಾದ ಎಂಐ-17ಗಳಿಗೆ ರಾಕೆಟ್ ಕಟ್ಟಿ ಕಳುಹಿಸಿದರು. ಮೇ 28ರಂದು ತೋಲೋಲಿಂಗ್ ಬಳಿ ಅವುಗಳಲ್ಲೊಂದು ಕ್ಷಿಪಣಿಗೆ ಸಿಕ್ಕಿ ನಾಲ್ವರೂ ಹುತಾತ್ಮರಾದರು. ಎತ್ತರದಲ್ಲಿ ಕಾದಾಡಬಲ್ಲ ನಮ್ಮದೇ ‘ಪ್ರಚಂಡ’ ಹೆಲಿಕಾಪ್ಟರ್ ವಾಯುಪಡೆಗೆ ಸೇರಿದ್ದು 2022ರ ಅಕ್ಟೋಬರ್ 3ರಂದು, ಜೋಧಪುರದಲ್ಲಿ. ಅದಕ್ಕಿಂತ ಹಿಂದಿನ ಯುದ್ಧದ ವಿಡಿಯೊದಲ್ಲಿ ಅದು ಕಾಣಿಸಿಕೊಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಇನ್ನು ನನ್ನ ಮುಖ್ಯ ಪರೀಕ್ಷೆ. ಕೆಳಗೆ ನಮ್ಮವರು ಎಲ್ಲಿದ್ದಾರೆ? ಗನ್‌ಶಿಪ್ ಹಾರುವುದೇ ನೆಲದ ಮೇಲಿನ ತುಕಡಿಯ ನೆರವಿಗೆ. ಶತ್ರುವಿಗೂ ನಮ್ಮವರಿಗೂ ನಡುವೆ ಕೆಲವೇ ನೂರು ಮೀಟರ್ ಅಂತರವಿರಬಹುದು. ಆದ್ದರಿಂದ ಒಳಗಿರುವವರ ಹೆಚ್ಚಿನ ಹೊತ್ತು ಗುಂಡು ಹಾರಿಸುವುದರಲ್ಲಿ ಕಳೆಯುವುದಿಲ್ಲ, ಕೇಳುವುದರಲ್ಲಿ ಕಳೆಯುತ್ತದೆ. ನೀವು ಎಲ್ಲಿದ್ದೀರಿ, ಗುರಿ ನಿಮ್ಮಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಪಕ್ಕದಲ್ಲಿ ಗುರುತಿಗೆ ಏನಿದೆ? ಕೆಳಗಿನವರು ಬಣ್ಣದ ಹೊಗೆ ಬಿಡುತ್ತಾರೆ, ಆದರೆ ಬಣ್ಣ ಯಾವುದೆಂದು ರೇಡಿಯೊದಲ್ಲಿ ತಾವಾಗಿ ಹೇಳುವುದಿಲ್ಲ. ತನಗೆ ಕಂಡ ಬಣ್ಣವನ್ನು ಪೈಲಟ್ ಹೇಳಬೇಕು, ಕೆಳಗಿನವರು ಹೌದು ಎನ್ನಬೇಕು. ಮೊದಲೇ ಹೇಳಿಬಿಟ್ಟರೆ, ಕದ್ದು ಕೇಳುವ ಶತ್ರುವೂ ಅದೇ ಬಣ್ಣದ ಹೊಗೆ ಬಿಟ್ಟಾನು.

ಇಷ್ಟೆಲ್ಲ ಇದ್ದರೂ ತಪ್ಪುತ್ತದೆ. 2015ರ ಅಕ್ಟೋಬರ್ 3ರ ನಸುಕಿನಲ್ಲಿ ಅಫ್ಘಾನಿಸ್ತಾನದ ಕುಂದುಜ್ ನಗರದಲ್ಲಿ ಅಮೆರಿಕದ ಎಸಿ-130 ಒಂದು ಆಸ್ಪತ್ರೆಯ ಮೇಲೆ ದಾಳಿ ಮಾಡಿತು. 42 ಜನ ಸತ್ತರು. ಕೊಟ್ಟ ನಿರ್ದೇಶಾಂಕ ಖಾಲಿ ಬಯಲನ್ನು ತೋರಿಸಿದಾಗ, ಬಾಯಿಮಾತಿನ ವರ್ಣನೆಗೆ ಹೋಲುವ ಕಟ್ಟಡವನ್ನು ಸಿಬ್ಬಂದಿ ಹುಡುಕಿಕೊಂಡಿದ್ದರು. ಒಳ್ಳೆಯ ಕ್ಯಾಮೆರಾ ಇತ್ತು, ರೇಡಿಯೊ ಸಂಪರ್ಕವೂ ಇತ್ತು. ಹೀಗಿರುವಾಗ ಯಾರನ್ನೂ ಏನನ್ನೂ ಕೇಳದೆ, ಒಂದು ಸುತ್ತೂ ಕಾಯದೆ, ಎರಡು ನಿಮಿಷ ಎಡೆಬಿಡದೆ ಗುಂಡು ಸುರಿಸಿ ಪ್ರತಿಯೊಂದನ್ನೂ ಗುರಿಗೆ ತಾಗಿಸುವ ವಿಡಿಯೊ ಬಂದರೆ ನನಗೆ ಮೊದಲು ನೆನಪಾಗುವುದು ಕಂಪ್ಯೂಟರ್ ಆಟ. ನಿಜವಾದ ವಿಡಿಯೊವನ್ನೂ ಮಾತು ತೆಗೆದುಹಾಕಿ ಬಿಡುಗಡೆ ಮಾಡುವುದುಂಟು, ಅದನ್ನು ಒಪ್ಪುತ್ತೇನೆ. ಆಗಲೂ ಕ್ಯಾಮೆರಾದ ಚಲನೆಯಲ್ಲಿ ಹುಡುಕಾಟ, ಅನುಮಾನ, ಹಿಂದಿರುಗಿ ನೋಡುವುದು ಕಾಣುತ್ತದೆ.

‘ಆರ್ಮಾ 3’ ಎಂಬ ಆಟದ ತುಣುಕುಗಳೇ ಇಂಥವುಗಳಲ್ಲಿ ಬಹಳ. ಅವು ಯುದ್ಧದ ಸುದ್ದಿಯಾಗಿ ಹರಿದಾಡುತ್ತಿರುವುದನ್ನು ಕಂಡು, ತಯಾರಿಸಿದ ಕಂಪನಿಯೇ 2022ರ ನವೆಂಬರ್‌ನಲ್ಲಿ ಗುರುತು ಹಿಡಿಯುವ ಬಗೆಯನ್ನು ವಿವರಿಸಿತ್ತು. ಮಸುಕು ಚಿತ್ರ, ಅಲುಗಾಡುವ ಕ್ಯಾಮೆರಾ, ರಾತ್ರಿ ಹೊತ್ತು, ಸದ್ದಿಲ್ಲದಿರುವುದು, ಮನುಷ್ಯರ ಓಡಾಟ ಕಾಣದಿರುವುದು. ಚಿತ್ರ ಕೆಟ್ಟಿದ್ದಷ್ಟೂ ಜನ ನಂಬುತ್ತಾರೆಂಬುದು ವಿಚಿತ್ರ!

ಸದ್ದಿದ್ದರೆ ಸೆಕೆಂಡು ಎಣಿಸಿ. ಶಬ್ದ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡು ಬೇಕು. ಕಲ್ಲುಗಣಿಯಲ್ಲಿ ಬ್ಲಾಸ್ಟಿಂಗ್ ಆಗುವುದನ್ನು ದೂರದ ಹೊಲದಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು, ದೂಳು ಏಳುವುದು ಮೊದಲು, ಸದ್ದು ಆಮೇಲೆ. ಗುಡ್ಡದಾಚೆ ಬೆಂಕಿ ಕಂಡ ಕ್ಷಣದಲ್ಲೇ ‘ಢಂ’ ಎಂದರೆ ಯಾರೋ ಮನೆಯಲ್ಲಿ ಕುಳಿತು ಸದ್ದು ಸೇರಿಸಿದ್ದಾರೆ.

ಕೊನೆಗೆ ಮೊಬೈಲಿನ ಕೆಲಸ. ವಿಡಿಯೊ ನಿಲ್ಲಿಸಿ, ಅಕ್ಷರವಿಲ್ಲದ ಒಂದೆರಡು ಕಡೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಎಲ್ಲಕ್ಕಿಂತ ಹಳೆಯ ದಿನಾಂಕ ನೋಡಿ. ಮೊನ್ನೆಯ ಯುದ್ಧದ ವಿಡಿಯೊ ಐದು ವರ್ಷದ ಹಿಂದೆಯೇ ಯೂಟ್ಯೂಬಿನಲ್ಲಿದ್ದರೆ ವಾದಕ್ಕೆ ಎಡೆಯೇ ಇಲ್ಲ. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್ ಪುಟವನ್ನೂ ಒಮ್ಮೆ ನೋಡಿ.

ಕಳುಹಿಸಿದವರು ಹಿರಿಯರಾಗಿದ್ದರೆ ಗ್ರೂಪಿನಲ್ಲೇ ಹಳಿಯಬೇಡಿ. “ಮಾಮಾ, ಇದು ಆಟದ ವಿಡಿಯೊ, ದಯವಿಟ್ಟು ಅಳಿಸಿಬಿಡಿ” ಎಂದು ಬೇರೆಯಾಗಿ ಬರೆಯಿರಿ. ಆದರೆ ಅಳಿಸುವವರೆಗೆ ಬಿಡಬೇಡಿ. ನಮ್ಮ ಕಡೆಯ ಗ್ರೂಪುಗಳಲ್ಲಿ ಮಗನನ್ನು ಮರಾಠಾ ಲೈಟ್ ಇನ್‌ಫೆಂಟ್ರಿಗೆ ಕಳುಹಿಸಿದ ತಾಯಂದಿರೂ ಇದ್ದಾರೆ. ‘ನಮ್ಮ ತುಕಡಿಯ ಮೇಲೆ ದಾಳಿ’ ಎಂಬ ಬರಹ ಕಂಡರೆ ಮಗನ ಫೋನ್ ಬರುವವರೆಗೆ ಅವರ ಗಂಟಲಲ್ಲಿ ನೀರೂ ಇಳಿಯುವುದಿಲ್ಲ.

ಪರೀಕ್ಷಿಸಿ ನೋಡಿದ ವಿಡಿಯೊ ಖರೆಯೇ ಎಂದು ಗೊತ್ತಾದರೂ, ಅದು ಅಧಿಕೃತವಾಗಿ ಬಿಡುಗಡೆಯಾಗದಿದ್ದರೆ ಮುಂದೆ ಕಳುಹಿಸಬೇಡಿ. ಕ್ಯಾಂಪ್ ರಸ್ತೆಯಲ್ಲಿ ಹೊರಟ ಸೇನೆಯ ಲಾರಿಗಳಿಗೂ ಸಾಂಬ್ರಾದಲ್ಲಿ ಇಳಿಯುವ ಸೇನಾ ವಿಮಾನಗಳಿಗೂ ಇದೇ ಮಾತು. ನೋಡಿ, ಬೇಕಿದ್ದರೆ ಕೈ ಬೀಸಿ, ಮೊಬೈಲು ಜೇಬಿನಲ್ಲೇ ಇರಲಿ.