ಸಿಂಕ್ ಮಾಡುತ್ತೀರಿ, ಸರಿ. ಫೈಲಿನ ಹಳೆಯ ಪ್ರತಿ ಎಲ್ಲಿದೆ?

ಮುಂಬೈಯ ಮುಲುಂಡ್, ಡೊಂಬಿವಲಿ ಕಡೆಯ ನಮ್ಮವರ ಹೋಟೆಲುಗಳಲ್ಲಿ, ಸಂಘಗಳ ಕಚೇರಿಗಳಲ್ಲಿ ಕಂಪ್ಯೂಟರ್ ಕೈಕೊಟ್ಟಾಗ ನನಗೆ ಫೋನ್ ಬರುತ್ತದೆ. ಕಳೆದ ವರ್ಷ ಹೋಟೆಲೊಂದರ ಮ್ಯಾನೇಜರ್, "ಅಣ್ಣಾ, ಬ್ಯಾಕಪ್ ಇದೆ, ಆದರೆ ಅದರಲ್ಲೂ ಲೆಕ್ಕದ ಹಾಳೆ ಖಾಲಿ" ಎಂದರು. ಹತ್ತು ತಿಂಗಳ ಜಮಾಖರ್ಚಿನ ಫೈಲಿನ ಮೇಲೆ ಯಾರೋ ಖಾಲಿ ಹಾಳೆ ಸೇವ್ ಮಾಡಿದ್ದರು. ರಾತ್ರಿ ಹನ್ನೊಂದಕ್ಕೆ ಸಿಂಕ್, ಅಂದರೆ ಎರಡು ಕಡೆಯ ಫೈಲುಗಳನ್ನು ಒಂದೇ ಆಗಿಸುವ ಕೆಲಸ, ನಡೆದು, ಆ ಖಾಲಿ ಹಾಳೆಯೇ ಹಾರ್ಡ್ ಡಿಸ್ಕಿಗೂ ಹೋಗಿ ಕುಳಿತಿತ್ತು. ಸಿಂಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಹಳೆಯದನ್ನು ಎತ್ತಿಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಇಂಥದ್ದನ್ನು ಮೂರು ನಾಲ್ಕು ಕಡೆ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ತಂತ್ರಾಂಶ. ನಾನು ಬಳಸುವುದು ಫ್ರೀಫೈಲ್‌ಸಿಂಕ್. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಡಗಡೆ ಲ್ಯಾಪ್‌ಟಾಪಿನ ಫೋಲ್ಡರ್, ಬಲಗಡೆ ಹಾರ್ಡ್ ಡಿಸ್ಕಿನ ಫೋಲ್ಡರ್ ಕೊಟ್ಟು, "ಮಿರರ್" ಕ್ರಮ ಆರಿಸಿ. ಇಷ್ಟರಲ್ಲಿ ಯಾರೂ ತಪ್ಪುವುದಿಲ್ಲ.

ಎರಡನೆಯದಾಗಿ ಎಫ್8 ಒತ್ತಿ ಸಿಂಕ್ ಸೆಟ್ಟಿಂಗ್ ತೆರೆಯಿರಿ. ಅಳಿಸುವ ಮತ್ತು ಮೇಲೆ ಬರೆಯುವ ಫೈಲುಗಳನ್ನು ಏನು ಮಾಡಬೇಕೆಂದು ಅಲ್ಲಿ ಮೂರು ಆಯ್ಕೆಗಳಿವೆ: ರೀಸೈಕಲ್ ಬಿನ್, ಶಾಶ್ವತ ಅಳಿಕೆ, ವರ್ಷನಿಂಗ್ (ಹಳೆಯ ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿ ಎತ್ತಿಡುವುದು). ಮೂರನೆಯದನ್ನೇ ಆರಿಸಿ. ರೀಸೈಕಲ್ ಬಿನ್ ಸಾಕು ಎನ್ನುವವರಿಗೆ ಒಂದು ಮಾತು: ವಿಂಡೋಸ್‌ನಲ್ಲಿ ಪೆನ್ ಡ್ರೈವಿಗೂ ನೆಟ್‌ವರ್ಕ್ ಡಿಸ್ಕಿಗೂ ಸಾಮಾನ್ಯವಾಗಿ ಆ ಸೌಲಭ್ಯವೇ ಇರುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ವರ್ಷನಿಂಗ್ ಆರಿಸಿದ ಕೂಡಲೇ ಹಳೆಯ ಪ್ರತಿಗಳನ್ನು ಇಡುವ ಫೋಲ್ಡರ್ ಯಾವುದು ಎಂದು ಅದು ಕೇಳುತ್ತದೆ. ಹೆಚ್ಚಿನವರು ಸಿಂಕ್ ಆಗುತ್ತಿರುವ ಫೋಲ್ಡರಿನೊಳಗೇ "ಹಳೆಯದು" ಎಂದು ಒಂದನ್ನು ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ಎಡಗಡೆ ಇಲ್ಲದ್ದು ಬಲಗಡೆ ಇರಬಾರದು ಎಂಬುದು ಮಿರರ್ ಕ್ರಮದ ನಿಯಮ. ಆ ಲೆಕ್ಕದಲ್ಲಿ ನೀವು ಜೋಪಾನ ಮಾಡಿದ ಹಳೆಯ ಪ್ರತಿಗಳೇ ತೆಗೆದುಹಾಕಬೇಕಾದ ಕಸ. ಎರಡೂ ಕಡೆಯಿಂದ ಸಿಂಕ್ ಮಾಡುವವರಿಗೆ ತೊಂದರೆ ಬೇರೆ ಬಗೆಯದು: ಹಳೆಯ ಪ್ರತಿಗಳು ಮತ್ತೆ ಲ್ಯಾಪ್‌ಟಾಪಿಗೆ ಬಂದು ಜಾಗ ನುಂಗುತ್ತವೆ. ಫಿಲ್ಟರ್ ಹಾಕಿ ಆ ಫೋಲ್ಡರನ್ನು ಹೊರಗಿಡಬಹುದು, ನಿಜ. ಆದರೆ ಆರು ತಿಂಗಳ ಬಳಿಕ ಬೇರೆ ಯಾರೋ ಬಂದು ಫಿಲ್ಟರ್ ತೆಗೆದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಇನ್ನು ಕೆಲವರು ಹಳೆಯ ಪ್ರತಿಗಳ ಫೋಲ್ಡರನ್ನು ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಇಡುತ್ತಾರೆ. ಲ್ಯಾಪ್‌ಟಾಪ್ ಕಳೆದುಹೋದರೆ ಮೂಲದ ಜೊತೆಗೆ ಹಳೆಯ ಪ್ರತಿಗಳೂ ಹೋದವು.

ಸರಿಯಾದ ಜಾಗ ಇದು: ಬಲಗಡೆಯ ಫೋಲ್ಡರ್ ಇರುವ ಡಿಸ್ಕಿನಲ್ಲೇ, ಆದರೆ ಆ ಫೋಲ್ಡರಿನ ಹೊರಗೆ, ಅದರ ಪಕ್ಕದಲ್ಲಿ. "ಲೆಕ್ಕ" ಒಂದು ಫೋಲ್ಡರ್, "ಲೆಕ್ಕ-ಹಳೆಯದು" ಇನ್ನೊಂದು. ಒಂದೇ ಡಿಸ್ಕಿನ ಒಂದೇ ವಿಭಾಗದೊಳಗೆ ಫೈಲ್ ಸರಿಸುವಾಗ ಅದರ ವಿಳಾಸವಷ್ಟೇ ಬದಲಾಗುತ್ತದೆ, ಒಳಗಿನ ದತ್ತಾಂಶ ಇದ್ದಲ್ಲೇ ಇರುತ್ತದೆ. ರಾತ್ರಿಯಿಡೀ ಆಡಿದ ಯಕ್ಷಗಾನದ ವಿಡಿಯೊ ಆದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಪಕ್ಕಕ್ಕೆ ಸರಿಯುತ್ತದೆ. ಬೇರೆ ಡಿಸ್ಕಾದರೆ ಪೂರ್ತಿ ನಕಲಾಗಬೇಕು. ನಡುವೆ ಕೇಬಲ್ ಕಿತ್ತರೆ ಸಿಂಕ್ ಅಲ್ಲಿಗೇ ನಿಂತಿತು.

ಇಲ್ಲೇ ಇನ್ನೊಂದು ಸೂಕ್ಷ್ಮವಿದೆ. ವಿಂಡೋಸ್ ಡಿಸ್ಕಿಗೆ ಕೊಡುವ ಅಕ್ಷರ ಇಂದು "ಇ" ಆಗಿದ್ದರೆ ನಾಳೆ "ಎಫ್" ಆಗಬಹುದು. ಆದ್ದರಿಂದ ಡಿಸ್ಕಿಗೆ ಒಂದು ಹೆಸರಿಟ್ಟು, ವಿಳಾಸದಲ್ಲಿ ಅಕ್ಷರದ ಬದಲು ಆ ಹೆಸರನ್ನು ಚೌಕ ಆವರಣದೊಳಗೆ ಬರೆಯಿರಿ. ಫ್ರೀಫೈಲ್‌ಸಿಂಕ್ ಅದನ್ನು ಗುರುತಿಸುತ್ತದೆ.

ಸಿಂಕ್‌ಥಿಂಗ್ ಎಂಬ ಇನ್ನೊಂದು ಸಿಂಕ್ ತಂತ್ರಾಂಶ ಬಳಸುವವರ ಸ್ಥಿತಿ ಬೇರೆ. ಅದು ಹಳೆಯ ಪ್ರತಿಗಳನ್ನು ಫೋಲ್ಡರಿನೊಳಗೇ ಒಂದು ಗುಪ್ತ ಫೋಲ್ಡರಿನಲ್ಲಿಟ್ಟು, ಅದನ್ನು ತಾನೇ ಸಿಂಕ್‌ನಿಂದ ಹೊರಗಿಡುತ್ತದೆ, ಚಿಂತೆಯಿಲ್ಲ. ಆದರೆ ಇನ್ನೊಂದು ಯಂತ್ರದಿಂದ ಬಂದ ಬದಲಾವಣೆಗೆ ಮಾತ್ರ ಅದು ಹಳೆಯ ಪ್ರತಿ ಉಳಿಸುತ್ತದೆ. ನಿಮ್ಮದೇ ಯಂತ್ರದಲ್ಲಿ ನೀವು ಕೆಡಿಸಿದ್ದರ ಹಳೆಯ ರೂಪ ಅಲ್ಲಿ ಸಿಗದು. ಎರಡೂ ಯಂತ್ರಗಳಲ್ಲಿ ವರ್ಷನಿಂಗ್ ಚಾಲೂ ಮಾಡಿ.

ಮತ್ತೆ ಫ್ರೀಫೈಲ್‌ಸಿಂಕ್‌ಗೆ ಬಂದರೆ, ಹಳೆಯ ಪ್ರತಿಗಳಿಗೆ ಹೆಸರಿಡುವ ಕ್ರಮದಲ್ಲಿ ಫೈಲಿನ ಹೆಸರಿಗೇ ದಿನಾಂಕ, ಸಮಯ ಸೇರುವ ಆಯ್ಕೆಯನ್ನು ತೆಗೆದುಕೊಳ್ಳಿ. "ರಿಪ್ಲೇಸ್" ಬೇಡ, ಅದರಲ್ಲಿ ಒಂದೇ ಹಳೆಯ ಪ್ರತಿ ಉಳಿಯುತ್ತದೆ. ಎಷ್ಟು ದಿನ ಇಡಬೇಕು? ಲೆಕ್ಕಪತ್ರಕ್ಕೆ 400 ದಿನ, ಕನಿಷ್ಠ 3 ಪ್ರತಿ ಎಂದು ನಾನು ಹಾಕುತ್ತೇನೆ. ಏಪ್ರಿಲ್‌ನ ತಪ್ಪು ಕಣ್ಣಿಗೆ ಬೀಳುವುದು ಮುಂದಿನ ಮಾರ್ಚ್ ಮುಗಿದ ಮೇಲೆ. ಗೂಗಲ್ ಡ್ರೈವಿನಲ್ಲಿ ಹಳೆಯದು ಇದ್ದೇ ಇರುತ್ತದಲ್ಲ ಎನ್ನುತ್ತಾರೆ. ಅಲ್ಲಿ ವರ್ಡ್, ಪಿಡಿಎಫ್ ಫೈಲುಗಳ ಹಳೆಯ ಪ್ರತಿಗಳಿಗೆ ಸಾಮಾನ್ಯ ಮಿತಿ 30 ದಿನ ಅಥವಾ 100 ಪ್ರತಿ. ಇನ್ನೂ ಒಂದು ತಿಳಿದಿರಲಿ, ಎರಡು ಸಿಂಕ್‌ಗಳ ನಡುವೆ ಐದು ಬಾರಿ ತಿದ್ದಿದರೆ ನಡುವಿನ ರೂಪಗಳು ಉಳಿಯುವುದಿಲ್ಲ. ಸ್ಮರಣ ಸಂಚಿಕೆಯ ಪುಟ ಕಟ್ಟುವ ದಿನಗಳಲ್ಲಿ ಗಂಟೆಗೊಮ್ಮೆ ಸಿಂಕ್ ಮಾಡಿ.

ಅಗ್ಗಕ್ಕೆ ಸಿಗುವ, ಹೆಸರಿಲ್ಲದ "2 ಟಿಬಿ" ಪೆನ್ ಡ್ರೈವುಗಳಿಗೆ ದಯವಿಟ್ಟು ಹಣ ಸುರಿಯಬೇಡಿ. ಅಂಥವುಗಳಲ್ಲಿ ನಿಜವಾದ ಜಾಗ ತೀರಾ ಕಡಿಮೆ ಇರುತ್ತದೆ. ತುಂಬಿದ ಮೇಲೆ ಬರೆದದ್ದು ಉಳಿಯುವುದಿಲ್ಲ, ಆದರೆ ಹೆಸರುಗಳು ಮಾತ್ರ ಕಾಣುತ್ತಿರುತ್ತವೆ. ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬಿಲ್ಲು, ವಾರಂಟಿ ಸಹಿತ ಹಾರ್ಡ್ ಡಿಸ್ಕ್ ತನ್ನಿ.

ಡಿಸ್ಕನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಇಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಎರಡನೆಯ ಡಿಸ್ಕ್ ಒಂದಿರಲಿ. ರಜೆಗೆ ಮತ್ಸ್ಯಗಂಧಾ ರೈಲು ಹತ್ತುವಾಗ ಅದನ್ನು ಊರಿನ ಮನೆಗೆ ಒಯ್ದು ಇಟ್ಟುಬನ್ನಿ.

ಹಳೆಯ ಪ್ರತಿ ಬೇಕಾದಾಗ ಅದನ್ನು ನೇರವಾಗಿ ಮೂಲ ಫೋಲ್ಡರಿಗೆ ಎಳೆದು ಹಾಕಬಾರದು. ಮೊದಲು ಡೆಸ್ಕ್‌ಟಾಪಿಗೆ ನಕಲು ಮಾಡಿ, ತೆರೆದು ನೋಡಿ, ಕೊನೆಯ ಸಾಲಿನ ಮೊತ್ತ ಸರಿಯಿದೆಯೇ ಎಂದು ಪರೀಕ್ಷಿಸಿ. ಆಮೇಲೆ ಹೆಸರಿನಲ್ಲಿರುವ ದಿನಾಂಕ, ಸಮಯವನ್ನು ತೆಗೆದು ಮೂಲದ ಜಾಗಕ್ಕೆ ಹಾಕಿ, ಕೂಡಲೇ ಒಮ್ಮೆ ಸಿಂಕ್ ಮಾಡಿ.